ಆತಕೂರಿನ ಕಲ್ಲಿನ ಮುಂದೆ ಒಂದು ಬೆಂಚು ಹಾಕಿ

ಮ್ಯೂಸಿಯಂಗೆ ಜನ ಬರ್ತಿಲ್ಲ, ಅದಕ್ಕೆ ವಿಆರ್ ಕನ್ನಡಕ, ಲೇಸರ್ ಶೋ ಬೇಕು ಅಂತ ಒಂದು ಲೇಖನದಲ್ಲಿ ಬರೆದಿದ್ದಾರೆ. ದುಡ್ಡಿದ್ದರೆ ಮಾಡಲಿ ಬಿಡಿ. ಆದರೆ ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಮದ್ದೂರು ಕಡೆಯ ಆತಕೂರಿನ ಶಾಸನದ ಕಲ್ಲಿದೆಯಲ್ಲ, ಅದಕ್ಕಿಂತ ದೊಡ್ಡ ಶೋ ಯಾವುದು ಸ್ವಾಮಿ? ಕ್ರಿ.ಶ. 949-50ರದ್ದು. ಮೇಲೆ ನಾಯಿಗೂ ಹಂದಿಗೂ ಕಾದಾಟ. ನಾಯಿಯ ಹೆಸರು ಕಾಳಿ. ಗಂಗರ ದೊರೆ ಬೂತುಗನಿಂದ ಅವನ ಕಡೆಯ ವೀರ ಮಣಲೇರ ಕೇಳಿ ಪಡೆದ ಬೇಟೆನಾಯಿ. ಹಂದಿಯನ್ನೂ ಕೊಂದು ತಾನೂ ಸತ್ತಿತು. ಅದರ ನೆನಪಿಗೆ ಕಲ್ಲು ನಿಲ್ಲಿಸಿ, ಪೂಜೆಗೆ ಭೂಮಿಯನ್ನೂ ಬಿಟ್ಟರು. ಪೂಜೆ ಮಾಡದೆ ಉಂಡ ಗೊರವನಿಗೆ (ಶೈವ ಪೂಜಾರಿಗೆ) ಪಾಪ ತಟ್ಟುತ್ತೆ ಅಂತ ಎಚ್ಚರಿಕೆ ಬೇರೆ! ಅದೇ ಕಲ್ಲಿನಲ್ಲಿ ರಾಷ್ಟ್ರಕೂಟರಿಗೂ ಚೋಳರಿಗೂ ನಡೆದ ತಕ್ಕೋಲದ ಯುದ್ಧದಲ್ಲಿ ಚೋಳರ ರಾಜಾದಿತ್ಯ ಸತ್ತ ಸುದ್ದಿಯೂ ಇದೆ.

ಇಂಥ ಕಲ್ಲುಗಳಿಗೆ ನಮ್ಮ ಕಡೆ ಸಾಮಾನ್ಯವಾಗಿ ಸಿಗೋದು 'ವೀರಗಲ್ಲು, 10ನೇ ಶತಮಾನ' ಅನ್ನೋ ಒಂದು ಫಲಕ. ಮಕ್ಕಳು ಸಾಲಾಗಿ ಬಂದು ಸಾಲಾಗಿಯೇ ಹೋಗ್ತಾರೆ, ಮೇಷ್ಟ್ರು 'ಮುಟ್ಟಬೇಡ್ರೋ' ಅಂತ ಕೂಗೋದೊಂದೇ ಕಾರ್ಯಕ್ರಮ.

ಕಲ್ಲಿನ ಮುಂದೆ ಒಂದು ಬೆಂಚು ಹಾಕಿ, ಭಾನುವಾರ ಒಂದು ಗಂಟೆ ಕಾಲ ಹಳಗನ್ನಡ ಬಲ್ಲವರೊಬ್ಬರು ನಿಂತು ಒಂದೇ ಶಾಸನ ಜೋರಾಗಿ ಓದಿ ಹೇಳಲಿ. ಮೂಲ ಕಲ್ಲಿಗೆ ಮಸಿ ತಾಗಿಸೋದು ಬೇಡ, ಅಚ್ಚು ಹೊಯ್ದ ನಕಲಿನ ಮೇಲೆ ಒದ್ದೆ ಕಾಗದ ಹಾಸಿ, ಬ್ರಷ್‌ನಿಂದ ಬಡಿದು, ಮಸಿ ಒತ್ತಿ ಪಡಿಯಚ್ಚು ತೆಗೆಯೋದನ್ನ ಮಕ್ಕಳ ಕೈಯಲ್ಲೇ ಮಾಡಿಸಲಿ. ಮೇ 18ರ ಮ್ಯೂಸಿಯಂ ದಿನಾಚರಣೆಯ ಶಾಮಿಯಾನ, ಹಾರ, ಭಾಷಣದ ಖರ್ಚಿನಲ್ಲೇ ಇದು ಆಗುತ್ತೆ. ಮದ್ದೂರು ಕಡೆಯವರಿಗಂತೂ ಬಸ್ ಮಾಡಿ ಕರೆಸಬೇಕು, ಅದು ಅವರೂರಿನ ಕಲ್ಲು.