ಅಲಾರ್ಮ್ ಆಫ್ ಆದ ಮೇಲೆ

ಹೊಸ ಕೆಲಸಕ್ಕೆ ಸೇರಿ ಎರಡನೇ ವಾರ. ಬೆಂಕಿ ಬಿದ್ದರೆ ಏನು ಮಾಡಬೇಕು ಅಂತ ಇಂಗ್ಲಿಷಿನಲ್ಲಿ ಒಂದು ಇಮೇಲ್ ಬಂದಿತ್ತು. ಫೈರ್ ಅಲಾರ್ಮ್ 'ಗೋಸ್ ಆಫ್' ಆದ ತಕ್ಷಣ ಮೆಟ್ಟಿಲಿಳಿದು ಹೊರಗೆ ಹೋಗಿ, ಲಿಫ್ಟ್ ಬೇಡ ಅಂತ. ನಾನು ಎರಡೆರಡು ಸಲ ಓದಿ ಮನವರಿಕೆ ಮಾಡಿಕೊಂಡಿದ್ದೆ.

ಒಂದು ಮಧ್ಯಾಹ್ನ ಅದು ಬಡ್ಕೊಳ್ಳೋಕೆ ಶುರು ಮಾಡಿತು. ಎಲ್ಲರೂ ಎದ್ದು ಹೊರಟರು. ನಾನು ಕದಲಲಿಲ್ಲ. ಇನ್ನೂ ಆಫ್ ಆಗಿಲ್ಲವಲ್ಲ! ಕಿವಿಗೆ ಬೆರಳಿಟ್ಟುಕೊಂಡು ಕೂತೆ, ಇಮೇಲ್ ಸರಿಯಾಗಿ ಓದದೆ ಓಡ್ತಾರಲ್ಲ ಪಾಪ ಅಂತ ಮರುಕವೂ ಪಟ್ಟೆ. ಕೊನೆಗೂ ಸದ್ದು ನಿಂತಿತು. ಸರಿ, ಈಗ ಹೊರಡೋಣ ಅಂತ ಲಿಫ್ಟಿನ ಕಡೆ ತಿರುಗಿಯೂ ನೋಡದೆ ಮೆಟ್ಟಿಲಿಳಿದರೆ, ಎದುರಿಗೆ ಇಡೀ ಆಫೀಸೇ ಹತ್ತಿ ಬರ್ತಾ ಇದೆ. ಅದು ಬರೀ ಡ್ರಿಲ್ ಅಂತೆ. ಕೆಳಗೆ ತಲೆ ಎಣಿಸಿದಾಗ ಒಂದು ಕಮ್ಮಿ ಬಂದಿತ್ತಂತೆ.

ಮನೆಗೆ ಬಂದು ಡಿಕ್ಷನರಿ ತೆಗೆದೆ. ಈ ಆಫ್‌ನ ಮೂಲ ಅರ್ಥ 'ದೂರ', 'ಆಚೆ'. ಬಂದೂಕು 'ಗೋಸ್ ಆಫ್' ಅಂದರೆ ಗುಂಡು ಹಾರಿತು ಅಂತ, ಅಲಾರ್ಮ್ ಕೂಡ ಹಾಗೇ ಸಿಡಿಯುತ್ತೆ, ಅಂದರೆ ಬಡ್ಕೊಳ್ಳುತ್ತೆ. ಬಾಂಬ್ ಆಫ್ ಆಯ್ತು ಅಂದರೆ ನಾವು ಉಸ್ಸಪ್ಪಾ ಅಂತೀವಿ, ಇಂಗ್ಲಿಷಿನವರು ಓಡ್ತಾರೆ. ವಿಮಾನ ಟೇಕ್ ಆಫ್ ಆದರೆ ಮೇಲೆ ಹೋಗುತ್ತೆ, ಅಂಗಿ ಟೇಕ್ ಆಫ್ ಮಾಡಿದರೆ ಗೂಟಕ್ಕೆ ಹೋಗುತ್ತೆ. ಹಾಲು ಆಫ್ ಅಂದರೆ ಕೆಟ್ಟಿದೆ, 'ವೆಲ್ ಆಫ್' ಅಂದರೆ ದುಡ್ಡಿದೆ. (ಬಾವಿ ಬತ್ತಿದೆ ಅಂತ ಅಂದುಕೊಂಡಿದ್ದೆ, ಸುಳ್ಳು ಯಾಕೆ ಹೇಳಲಿ.) ಕುದುರೆಗೂ ಒಂದು ಆಫ್ ಸೈಡ್ ಇದೆ, ಅದರ ಬಲಮಗ್ಗುಲು.

ಇನ್ನೊಂದು ಮಜಾ ಅಂದರೆ, ಹಳೆಯ ಇಂಗ್ಲಿಷಿನಲ್ಲಿ ಈ ಆಫ್ ಮತ್ತು ಒಂದೇ ಎಫ್ ಇರೋ 'ಆವ್' ಎರಡೂ ಒಂದೇ ಪದ. ಒತ್ತಿ ಹೇಳಿದ್ದು ಆಫ್ ಆಯಿತು, ತೇಲಿಸಿ ಹೇಳಿದ್ದು ಆವ್ ಆಯಿತು. ಪೂರ್ತಿ ಬೇರೆಯಾಗೋಕೆ 17ನೇ ಶತಮಾನದವರೆಗೂ ಹಿಡಿಯಿತು. ನಾವು ಎರಡನ್ನೂ ಆಫ್ ಅಂತಲೇ ಕರೆದು ಮತ್ತೆ ಒಂದು ಮಾಡಿಬಿಟ್ಟಿದ್ದೀವಿ, ಅಲ್ವಾ?

ಹೋದ ವಾರ ಎದ್ದಿದ್ದೇ ತಡವಾಯಿತು. ಕಲಿತಿದ್ದನ್ನ ಸುಮ್ನೆ ಯಾಕೆ ಬಿಡೋದು ಅಂತ ಮ್ಯಾನೇಜರಿಗೆ ಮೆಸೇಜ್ ಹಾಕಿದೆ: 'ಮೈ ಅಲಾರ್ಮ್ ಡಿಡ್ ನಾಟ್ ಗೋ ಆಫ್.'

ಉತ್ತರ ಬಂತು: 'ಆಫೇ ಆಗ್ಲಿಲ್ಲ ಅಂದ್ರೆ ಬಡ್ಕೊಳ್ತಾನೇ ಇತ್ತು ಅಂತಾಯ್ತಲ್ರೀ, ಅದರ ಪಕ್ಕದಲ್ಲಿ ಹೇಗ್ರೀ ನಿದ್ದೆ ಮಾಡಿದ್ರಿ?'