ಎನಿ ಡೌಟ್ಸ್ ಅಂತ ಕೇಳಿದ ಮೇಲಿನ ಒಂದು ಸೆಕೆಂಡು

ಆಗಸ್ಟ್ ಮೊದಲ ವಾರದ ಮಾತು. ಎರಡು ತಿಂಗಳ ಮೀನುಗಾರಿಕೆ ನಿಷೇಧ ಮುಗಿದು ಮಲ್ಪೆಯ ಬೋಟುಗಳು ಆಗಷ್ಟೇ ಕಡಲಿಗೆ ಇಳಿದಿದ್ದವು. ನಾನು ಫಸ್ಟ್ ಇಯರ್ ಬಿಕಾಂನವರಿಗೆ ಎಲಾಸ್ಟಿಸಿಟಿ (ಬೆಲೆ ಬದಲಾದರೆ ಬೇಡಿಕೆ ಎಷ್ಟು ಬದಲಾಗುತ್ತದೆ ಅನ್ನುವುದು) ಪಾಠ ಮುಗಿಸಿ, ಯಾವಾಗಲೂ ಕೇಳುವ ಹಾಗೆ 'ಎನಿ ಡೌಟ್ಸ್?' ಅಂದೆ. 60 ಮಕ್ಕಳು. ಒಟ್ಟಿಗೆ 'ನೋ ಮ್ಯಾಮ್'. ಮೂರನೇ ಬೆಂಚಿನ ಒಬ್ಬ ಹುಡುಗನನ್ನು ಎಬ್ಬಿಸಿದೆ. ಬೆಲೆ ಏರಿದಾಗ ಯಾವ ವಸ್ತುವಿನ ಬೇಡಿಕೆ ಜಾಸ್ತಿ ಇಳಿಯುತ್ತದೆ, ಯಾವುದರದ್ದು ಇಳಿಯುವುದಿಲ್ಲ ಅಂತ ಇಂಗ್ಲಿಷಿನಲ್ಲಿ ಕೇಳಿದೆ. ಅವನು ಡೆಸ್ಕ್ ನೋಡುತ್ತಾ ನಿಂತ. 'ಸಿಟ್ ಡೌನ್' ಅಂದು ಪಕ್ಕದವನನ್ನು ಕೇಳಿದೆ.

ಬೆಲ್ ಆದ ಮೇಲೆ ಕಾರಿಡಾರಿನಲ್ಲಿ ಅವನ ದನಿ ಕೇಳಿಸಿತು. ಗೆಳೆಯನಿಗೆ ತುಳುವಿನಲ್ಲಿ ಹೇಳುತ್ತಿದ್ದ. ಅವನ ಮನೆಯವರದ್ದು ಮೀನಿನ ವ್ಯಾಪಾರ. ಬಂಗುಡೆಗೆ ರೇಟು ಏರಿದರೆ ಜನ ಬೂತಾಯಿ ತಗೊಳ್ಳುತ್ತಾರೆ, ಅದೂ ಸಿಗದಿದ್ದರೆ ಒಣಮೀನು, ಮೊಟ್ಟೆ. ಅಂಜಲ್ ಕಥೆ ಹಾಗಲ್ಲ. ರೇಟು ಎಷ್ಟೇ ಆದರೂ ಹೋಟೆಲಿನವರು ತಗೊಂಡೇ ತಗೊಳ್ಳುತ್ತಾರೆ, ಅವರ ಮೆನುವಿನಲ್ಲಿ ಅದು ಇರಲೇಬೇಕಲ್ಲ ಅಂತ. ನಾನು ಕೇಳಿದ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಉತ್ತರ ನನ್ನ ಟೆಕ್ಸ್ಟ್‌ಬುಕ್ಕಿನಲ್ಲೂ ಇರಲಿಲ್ಲ. ನಾನು ಅಟೆಂಡೆನ್ಸ್ ಪುಸ್ತಕ ಹಿಡಿದುಕೊಂಡು ಬಾಗಿಲಲ್ಲೇ ನಿಂತುಬಿಟ್ಟೆ.

ಆ ಹುಡುಗನ ಹೆಸರು ಎಲ್ಲಿತ್ತು ಗೊತ್ತಾ? ನಾನೇ ಮಾಡಿದ 'ಸ್ಲೋ ಲರ್ನರ್' ಪಟ್ಟಿಯಲ್ಲಿ. ಕಾಲೇಜುಗಳಿಗೆ ಗ್ರೇಡ್ ಕೊಡುವ ನ್ಯಾಕ್ ಸಂಸ್ಥೆಯ ಫೈಲಿಗೆ ಬೇಕು ಅಂತ ಕಾಲೇಜುಗಳಲ್ಲಿ ಹೀಗೊಂದು ಪಟ್ಟಿ ಮಾಡುತ್ತೇವೆ, ಸ್ಲೋ ಲರ್ನರ್, ಅಡ್ವಾನ್ಸ್‌ಡ್ ಲರ್ನರ್ ಅಂತ. ಆ ದಿನ ಮನೆಗೆ ಹೋಗಿ ಪಟ್ಟಿ ತೆಗೆದು ನೋಡಿದೆ. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂನಲ್ಲಿ ಓದಿದವರೇ ಅದರಲ್ಲಿ ಜಾಸ್ತಿ. ಬೈಂದೂರು, ಹೆಬ್ರಿ, ಕಾರ್ಕಳ ಕಡೆಯ ಹಳ್ಳಿಗಳಿಂದ ಬೆಳಿಗ್ಗೆ ಆರೂವರೆಗೆ ಬಸ್ಸು ಹತ್ತಿ ಬರುವ ಮಕ್ಕಳು. ನಾನು ಅಳೆದದ್ದು ಅವರ ಬುದ್ಧಿಯನ್ನಲ್ಲ. ಎದ್ದು ನಿಂತ ತಕ್ಷಣ ಬಾಯಿಗೆ ಬರುವ ಇಂಗ್ಲಿಷನ್ನು.

ನಾನೂ ಅಂಥದೇ ಬಸ್ಸಿನಲ್ಲಿ ಕಾಲೇಜಿಗೆ ಬಂದವಳು. ಡಿಗ್ರಿಯ ಮೊದಲ ತಿಂಗಳು ಒಬ್ಬರು ಸರ್ ಕೇಳಿದ್ದಕ್ಕೆ ಧೈರ್ಯ ಮಾಡಿ ಎದ್ದು ಉತ್ತರ ಹೇಳಿದ್ದೆ. ಅವರು ನನ್ನ ವಾಕ್ಯದ ತಪ್ಪು ತಿದ್ದಿದರು, ಮುಂದಿನ ಪಾಯಿಂಟಿಗೆ ಹೋದರು. ಉತ್ತರ ಸರಿಯೋ ತಪ್ಪೋ ಹೇಳಲೇ ಇಲ್ಲ. ಅವರೇನೂ ಕೆಟ್ಟವರಲ್ಲ. ಆದರೆ ಆ ವರ್ಷ ನಾನು ಮತ್ತೆ ಎದ್ದು ನಿಲ್ಲಲಿಲ್ಲ. ಅದೇ ನಾನು 16 ವರ್ಷಗಳಿಂದ ಪಾಠ ಮಾಡುತ್ತಾ ಅದನ್ನೇ ಮಾಡುತ್ತಿದ್ದೆ ಅನ್ನುವುದು ತುಂಬಾ ಸಂಕಟ ಕೊಟ್ಟಿತು.

ಮರುದಿನ ನನ್ನ ಒಂದು ಕ್ಲಾಸನ್ನು ನಾನೇ ಫೋನಿನಲ್ಲಿ ರೆಕಾರ್ಡ್ ಮಾಡಿದೆ. ರಾತ್ರಿ ಅಡುಗೆಮನೆಯಲ್ಲಿ ಕೂತು ಕೇಳಿದೆ. ಪೆರಿಯಡ್ಡಿನ ಮುಕ್ಕಾಲು ಪಾಲು ನನ್ನದೇ ದನಿ. ಪ್ರಶ್ನೆ ಬೇಕಾದಷ್ಟು ಕೇಳಿದ್ದೇನೆ, ಆದರೆ ಅರ್ಧಕ್ಕರ್ಧ 'ಓಕೆ?', 'ಕ್ಲಿಯರ್?', 'ರೈಟ್?'. ಉಳಿದವಕ್ಕೆ ಉತ್ತರ ಕೊಟ್ಟವರು ಅದೇ ಮೂರು ನಾಲ್ಕು ಜನ. ಅವರೂ ಬಾಯಿ ತೆರೆಯದಿದ್ದಾಗ ನಾನೇ ಹೇಳಿ ಮುಗಿಸಿದ್ದೇನೆ. ಕಾದದ್ದು ಎಷ್ಟು ಹೊತ್ತು? ಒಂದು ಸೆಕೆಂಡು. ಕೆಲವು ಕಡೆ ಅಷ್ಟೂ ಇಲ್ಲ.

ಇದು ನನ್ನೊಬ್ಬಳ ಅಭ್ಯಾಸವಲ್ಲ. ಅಮೆರಿಕದಲ್ಲಿ ಮೇರಿ ಬಡ್ ರೋ ಅನ್ನುವ ಶಿಕ್ಷಣ ಸಂಶೋಧಕಿ 1970ರ ದಶಕದಲ್ಲೇ ಶಾಲೆಗಳ ಇಂಥ ಟೇಪುಗಳನ್ನು ಕೂತು ಕೇಳಿದ್ದರು. ಅಲ್ಲಿಯ ಮೇಷ್ಟ್ರುಗಳೂ ಪ್ರಶ್ನೆ ಕೇಳಿ ಕಾಯುತ್ತಿದ್ದದ್ದು ಸುಮಾರು ಒಂದು ಸೆಕೆಂಡು. ಅದನ್ನು ಮೂರು ಸೆಕೆಂಡಿಗೆ ಏರಿಸಿದಾಗ ಮಕ್ಕಳ ಉತ್ತರ ಉದ್ದವಾಯಿತು, ಸುಮ್ಮನಿರುತ್ತಿದ್ದವರು ಮಾತಾಡಿದರು, ಮಕ್ಕಳೇ ಪ್ರಶ್ನೆ ಕೇಳತೊಡಗಿದರು. ಅದು ಮನೆಯಲ್ಲೂ ಶಾಲೆಯಲ್ಲೂ ಒಂದೇ ಭಾಷೆ ಆಡುವ ಮಕ್ಕಳೇ ಜಾಸ್ತಿ ಇದ್ದ ಕಡೆಯ ಕಥೆ. ನಮ್ಮ ಹುಡುಗ ನನ್ನ ಇಂಗ್ಲಿಷ್ ಪ್ರಶ್ನೆಯನ್ನು ಕೇಳಬೇಕು, ಮನಸ್ಸಿನಲ್ಲಿ ತುಳುವಿಗೋ ಕನ್ನಡಕ್ಕೋ ತರಬೇಕು, ಬಂಗುಡೆ ಅಂಜಲ್ ನೆನಪು ಮಾಡಿಕೊಳ್ಳಬೇಕು, ಮತ್ತೆ ಅದನ್ನು ಇಂಗ್ಲಿಷಿಗೆ ತಿರುಗಿಸಬೇಕು. ಅಷ್ಟಕ್ಕೆ ಒಂದು ಸೆಕೆಂಡು ಸಾಕಾ?

ರೆಕಾರ್ಡಿಂಗಿನಲ್ಲಿ ಇನ್ನೊಂದು ವಿಷಯವೂ ಗೊತ್ತಾಯಿತು. ಪಾಠ ಪೂರ್ತಿ ಇಂಗ್ಲಿಷಿನಲ್ಲಿ ಮಾಡುತ್ತೇನೆ ಅಂದುಕೊಂಡಿದ್ದೆ. ಹಾಗಿರಲಿಲ್ಲ. ಹಿಂದಿನ ಬೆಂಚಿನವರನ್ನು ಬೈದದ್ದು ಕನ್ನಡದಲ್ಲಿ. ನಗಿಸಿದ್ದು ತುಳುವಿನಲ್ಲಿ. ಅಂದರೆ ನಮ್ಮ ಭಾಷೆಗಳು ಕ್ಲಾಸಿನೊಳಗೆ ಯಾವತ್ತೋ ಬಂದಿವೆ. ಬೈಯಲು ಆಗುತ್ತದೆ, ತಮಾಷೆಗೆ ಆಗುತ್ತದೆ, ಯೋಚನೆ ಮಾಡಲು ಮಾತ್ರ ಆಗುವುದಿಲ್ಲ. ವರ್ಷಗಟ್ಟಲೆ ಇದನ್ನೇ ಕೇಳಿದ ಮಗುವಿಗೆ ತನ್ನ ಮನೆಮಾತಿನ ಬಗ್ಗೆ ಏನು ಅನ್ನಿಸಬೇಕು ಹೇಳಿ.

ಇಂಗ್ಲಿಷ್ ಬೇಡ ಅಂತ ನಾನು ಹೇಳುತ್ತಿಲ್ಲ. ಮಂಗಳೂರಿನಲ್ಲಾಗಲಿ ಬೆಂಗಳೂರಿನಲ್ಲಾಗಲಿ ಇಂಟರ್‌ವ್ಯೂಗೆ ಕೂರುವ ಮಕ್ಕಳಿಗೆ ಅದು ಬೇಕೇ ಬೇಕು. ಎಲಾಸ್ಟಿಸಿಟಿ ಬದಲು 'ಸ್ಥಿತಿಸ್ಥಾಪಕತ್ವ' ಅಂದರೆ ಮಕ್ಕಳಿಗೆ ಸುಲಭವಾಗುತ್ತದೆ ಅಂತಲೂ ನಂಬುವುದಿಲ್ಲ, ಅದೂ ಅವರಿಗೆ ಅಷ್ಟೇ ದೂರದ ಪದ. ನನ್ನ ಮಾತು ಇಷ್ಟೇ. ಯೋಚನೆ ಮನೆಮಾತಿನಲ್ಲಿ ಹುಟ್ಟಲಿ, ಆಮೇಲೆ ಇಂಗ್ಲಿಷಿಗೆ ಬರಲಿ. ವೇಲ್ಸ್‌ನ ಶಾಲೆಗಳಲ್ಲಿ ವೆಲ್ಷ್ ಮತ್ತು ಇಂಗ್ಲಿಷ್ ಎರಡನ್ನೂ ಹೀಗೆ ಬೇಕೆಂದೇ ಒಂದೇ ಪಾಠದಲ್ಲಿ ಬಳಸುತ್ತಿದ್ದರು, ಒಂದರಲ್ಲಿ ಓದಿ ಇನ್ನೊಂದರಲ್ಲಿ ಬರೆಯುವುದು. ಇವತ್ತು ಬಳಕೆಯಲ್ಲಿರುವ ಟ್ರಾನ್ಸ್‌ಲ್ಯಾಂಗ್ವೇಜಿಂಗ್ ಅನ್ನುವ ಮಾತು ಹುಟ್ಟಿದ್ದೇ ಅಲ್ಲಿಂದ. ಇಂಗ್ಲಿಷ್ ಮೀಡಿಯಂ ಕೋರ್ಸಿನವರೂ ಪರೀಕ್ಷೆಯನ್ನು ಸ್ಥಳೀಯ ಭಾಷೆಯಲ್ಲಿ ಬರೆಯಲು ಬಿಡಿ ಅಂತ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) 2023ರಲ್ಲಿ ವಿಶ್ವವಿದ್ಯಾಲಯಗಳಿಗೆ ಹೇಳಿತ್ತು. ಒಳ್ಳೆಯದೇ. ಆದರೆ ಇಡೀ ಸೆಮಿಸ್ಟರ್ ಆ ಭಾಷೆಯಲ್ಲಿ ಒಂದು ಮಾತೂ ಆಡದ ಮಗು ಕೊನೆಗೆ ಮೂರು ಗಂಟೆ ಅದರಲ್ಲಿ ಹೇಗೆ ಬರೆಯುತ್ತದೆ?

ಈಗ ನಾನು ಮಾಡುತ್ತಿರುವುದು ದೊಡ್ಡದೇನಲ್ಲ. ಪ್ರಶ್ನೆಯನ್ನು ಇಂಗ್ಲಿಷಿನಲ್ಲಿ ಬೋರ್ಡಿನ ಮೇಲೆ ಬರೆಯುತ್ತೇನೆ. ಎರಡು ನಿಮಿಷ ಪಕ್ಕದವರ ಜೊತೆ ಮಾತಾಡಿ, ಯಾವ ಭಾಷೆಯಾದರೂ ಆಗಬಹುದು ಅನ್ನುತ್ತೇನೆ. ತುಳು, ಬ್ಯಾರಿ, ಕೊಂಕಣಿ, ಕುಂದಾಪ್ರ ಕನ್ನಡ, ಕಾಸರಗೋಡಿನ ಮಲಯಾಳಂ ಎಲ್ಲಾ ಒಟ್ಟಿಗೆ ಏಳುತ್ತದೆ. 'ಪಣ್ ಮಾರಾಯಾ' (ಹೇಳು ಮಾರಾಯ) ಅಂತ ಒಬ್ಬ ಇನ್ನೊಬ್ಬನನ್ನು ತಿವಿಯುತ್ತಾನೆ. ಆಮೇಲೆ ಉತ್ತರ ಇಂಗ್ಲಿಷಿನಲ್ಲಿ. ಅರ್ಧಕ್ಕೆ ನಿಂತರೆ ಉಳಿದರ್ಧ ಹೇಗೆ ಬಂದರೂ ಸರಿ. ಮೊದಲು ವಿಷಯ ಸರಿಯಿದೆಯಾ ಅಂತ ಹೇಳುತ್ತೇನೆ, ವಾಕ್ಯ ತಿದ್ದುವುದು ಆಮೇಲೆ. ನಾನೇ ತುಳುವಿಗೆ ಇಳಿದರೆ ಹೊರಗಿನಿಂದ ಬಂದ ಇಬ್ಬರು ಹುಡುಗಿಯರಿಗೆ ಅನ್ಯಾಯ ಆಗುತ್ತದೆ. ಅದಕ್ಕೇ ನನ್ನ ಮಾತು, ಬೋರ್ಡು ಇಂಗ್ಲಿಷಿನಲ್ಲೇ.

ಪೋರ್ಷನ್ ಹಿಂದೆ ಬೀಳುತ್ತದೆ, ಹೌದು. ಪಕ್ಕದ ಕ್ಲಾಸಿನವರು ಗಲಾಟೆ ಅಂತಾರೆ. ಕೆಲವು ಮಕ್ಕಳು ಇನ್ನೂ ಬಾಯಿ ತೆರೆದಿಲ್ಲ. ಅವರನ್ನು ಹೇಗೆ ಮುಟ್ಟುವುದು ಅಂತ ನನಗಿನ್ನೂ ತಿಳಿದಿಲ್ಲ. ನಿಮ್ಮಲ್ಲಿ ಪಾಠ ಮಾಡುವವರಿದ್ದರೆ ಒಂದು ಕ್ಲಾಸ್ ರೆಕಾರ್ಡ್ ಮಾಡಿ ಕೇಳಿ ನೋಡಿ, ನಿಮಗೆ ಹೊಳೆದದ್ದನ್ನು ನನಗೂ ಹೇಳಿ.

ಮೊನ್ನೆ ಬುಧವಾರ ಪ್ರೈಸ್ ಸೀಲಿಂಗ್ ಪಾಠ, ಅಂದರೆ ಬೆಲೆ ಇದಕ್ಕಿಂತ ಮೇಲೆ ಹೋಗಬಾರದು ಅಂತ ಸರ್ಕಾರ ಹಾಕುವ ಮಿತಿ. ಕೊನೆಯ ಬೆಂಚಿನಿಂದ ಒಂದು ಕೈ ಮೇಲೆದ್ದಿತು. ಮನೆಯಲ್ಲಿ ಶಂಕರಪುರ ಮಲ್ಲಿಗೆ ಬೆಳೆಯುವ ಹುಡುಗಿ. ಇಷ್ಟು ದಿನದಲ್ಲಿ ಅವಳ ದನಿ ನಾನು ಕೇಳಿದ್ದು ಹಾಜರಿ ಹೇಳುವಾಗ ಮಾತ್ರ. 'ಮ್ಯಾಮ್, ಇನ್ ಶಂಕರಪುರ ಡೈಲಿ ರೇಟ್ ಈಸ್ ಫಿಕ್ಸ್' ಅಂತ ಶುರುಮಾಡಿದಳು. ನಿಂತಳು. ನಾನು ಕಾದೆ. 'ಅಟ್ಟೆಗೆ (ಮಲ್ಲಿಗೆ ಮಾರುವ ಅಳತೆ) ಇಂತಿಷ್ಟು ಅಂತ. ಮದುವೆ ಸೀಸನ್ನಲ್ಲಿ ಎಷ್ಟು ಜನ ಕೇಳಿದ್ರೂ ಒಂದು ಲಿಮಿಟ್‌ಗಿಂತ ಮೇಲೆ ಹೋಗುವುದಿಲ್ಲ. ಅದೂ ಪ್ರೈಸ್ ಸೀಲಿಂಗಾ ಮ್ಯಾಮ್? ನೀವು ಸೀಲಿಂಗ್ ಹಾಕೋದು ಸರ್ಕಾರ ಅಂದ್ರಿ, ಇಲ್ಲಿ ಸರ್ಕಾರ ಇಲ್ವಲ್ಲ?'

ತಕ್ಷಣ ಏನು ಹೇಳಬೇಕು ಅಂತ ನನಗೆ ಗೊತ್ತಾಗಲಿಲ್ಲ. ಪ್ರಶ್ನೆಯನ್ನು ಬೋರ್ಡಿನ ಮೇಲೆ ಬರೆದು, ಎರಡು ನಿಮಿಷ ಮಾತಾಡಿ ಅಂತ ಎಲ್ಲರಿಗೂ ಹೇಳಿದೆ.