ಖುಷಿಗೊಂದು ನಾಮಿನಲ್ ರೋಲ್

ಬೆಂಗಳೂರಿನ ದಂಡು 1809ರದು. ಅಷ್ಟು ಹಳೆಯ ಶಿಸ್ತು ಇರುವಾಗ ಜವಾನರ ಮನರಂಜನೆಗೂ ನಾಮಿನಲ್ ರೋಲ್, ಅಂದರೆ ಹೆಸರಿನ ಪಟ್ಟಿ, ಇರಬೇಕಾದ್ದೇ. ‘ಭಾನುವಾರ ಕುಟುಂಬ ಕಲ್ಯಾಣ ಸಂಜೆ: ಒತ್ತಡ ನಿವಾರಣೆಯ ಉಪನ್ಯಾಸ, ತಂಬೋಲಾ, ಬಡಾ ಖಾನಾ (ಎಲ್ಲರ ಒಟ್ಟೂಟ). ಹಾಜರಿ ಐಚ್ಛಿಕ. ಬಾರದವರು ಕಾರಣ ಬರೆದು ಕೊಡತಕ್ಕದ್ದು.’

ಒತ್ತಡ ನಿವಾರಣೆಯಾಗಬೇಕಾದರೆ ಮೊದಲು ಒತ್ತಡ ತಯಾರಾಗಬೇಕಲ್ಲ, ಅದರ ವಿಧಾನ ಹೀಗೆ. ಮುಖ್ಯ ಅತಿಥಿ ಬರುವುದು 5ಕ್ಕೆ. ಕಾಲು ಗಂಟೆ ಮೊದಲೇ ಎಲ್ಲರೂ ಕೂತಿರಲಿ ಅಂತಾರೆ ಸಿ.ಓ. ಸಾಹೇಬರು, ಅಂದರೆ ಕಮಾಂಡಿಂಗ್ ಆಫೀಸರ್. ಆ ಮಾತು ಒಂದೊಂದು ಮೆಟ್ಟಿಲು ಇಳಿದಾಗಲೂ ಕಾಲು ಗಂಟೆ ನುಂಗುತ್ತದೆ. ಅವರ ನಂತರದ ಅಧಿಕಾರಿ ಟು-ಐ-ಸಿ 4.30, ಕಂಪನಿ ಕಮಾಂಡರ್ 4.15, ಸುಬೇದಾರ್ ಸಾಹೇಬರು 4, ಹವಾಲ್ದಾರ್ ಮೇಜರ್ 3.45. ಹೆಂಗಸರು ಸೀರೆ ಉಡೋದು ತಡ ಅಂತ ಕ್ವಾರ್ಟರ್ಸಿನ ಬಸ್ 3ಕ್ಕೆ. ಟ್ರಿನಿಟಿ ಸರ್ಕಲ್ಲಿನ ಟ್ರಾಫಿಕ್ ನೆನಪಾದವರು ಅದನ್ನು 2.30 ಮಾಡಿರುತ್ತಾರೆ. ಸಾರಿಗೆ ಒಗ್ಗರಣೆ ಬೀಳುವ ಮೊದಲೇ ಹಾರ್ನ್. ಅತಿಥಿ ಬರುವುದು 5.20ಕ್ಕೆ. ಶಾಮಿಯಾನ ಕಟ್ಟಿ ದರಿ ಹಾಸಿದ ಫಟೀಗ್ ಪಾರ್ಟಿಗೆ ಇದು ಶನಿವಾರದಿಂದಲೇ ಮನರಂಜನೆ.

ಮುಂದೆ ಟವೆಲ್ ಹೊದ್ದ ಸೋಫಾ, ಅದರ ಹಿಂದೆ ಕವರ್ ಹಾಕಿದ ಕುರ್ಚಿ, ಆಮೇಲೆ ಬರೀ ಪ್ಲಾಸ್ಟಿಕ್. ಹೆಂಡತಿಯರಿಗೆ ರ‍್ಯಾಂಕ್ ಇಲ್ಲ, ನಿಜ. ಕುರ್ಚಿಗಳಿಗೆ ಇದೆ.

ಉಪನ್ಯಾಸದ ಬಗ್ಗೆ ಹೇಳುವುದಕ್ಕೇನಿಲ್ಲ. ‘ಮನೆಯವರ ಜೊತೆ ಸಮಯ ಕಳೆಯಿರಿ’ ಎಂಬ ಸ್ಲೈಡ್ ಬಂದಾಗ ಹಿಂದಿನ ಸಾಲಲ್ಲಿ ಯಾರೋ ಕೆಮ್ಮಿದರು, ಅಷ್ಟೆ. ತಂಬೋಲಾ ಮಾತ್ರ ಗಂಭೀರ. ಟಿಕೆಟ್ಟಿಗೆ 15 ಅಂಕಿ, ಕೂಗುವುದು 1ರಿಂದ 90. ಮೈಕು ಕುಂಯ್‌ಗುಟ್ಟಿದರೆ ‘ಛಿಯಾಸಠ್’ ಯಾವುದು, ‘ಛಿಯಾಸೀ’ ಯಾವುದು ಎಂದು ತಿಳಿಯುವುದಿಲ್ಲ. ಹಾವೇರಿಯಿಂದ ಹೊಸದಾಗಿ ಬಂದ ಹೆಣ್ಣುಮಗಳು 66 ಬಿಟ್ಟು 86 ಹೊಡೆದು ಫುಲ್ ಹೌಸ್ ಅಂತ ಎದ್ದರೆ ‘ಬೋಗಿ’, ಅಂದರೆ ಸುಳ್ಳು ಗೆಲುವು, ಅಂತ ಟಿಕೆಟ್ ರದ್ದು. ಸ್ಟೀಲ್ ಡಬ್ಬಿಗಳ ಸೆಟ್ಟು ಸೋಫಾದ ಕಡೆ ಹೋಗುತ್ತದೆ. ಅದಕ್ಕೆ ದಾರಿ ಗೊತ್ತು.

ಕೊನೆಗೆ ಅಭಿಪ್ರಾಯದ ಫಾರಂ. ‘ಅತ್ಯುತ್ತಮ’ ಎಂಬಲ್ಲಿ ಕ್ಲರ್ಕ್ ಶುಕ್ರವಾರವೇ ಟಿಕ್ ಹಾಕಿರುತ್ತಾನೆ, ಸಹಿ ಮಾಡಿದರೆ ಸಾಕು. ‘ಸಲಹೆ’ಯ ಜಾಗ ಮಾತ್ರ ಅಪ್ಪಿತಪ್ಪಿ ಖಾಲಿ ಉಳಿದಿತ್ತು. ಒಬ್ಬಾಕೆ ಬರೆದಳು: ‘ವರ್ಷಕ್ಕೆ 60 ದಿನ ವಾರ್ಷಿಕ ರಜೆ, 30 ದಿನ ಕ್ಯಾಶುಯಲ್ ಅಂತ ಕೇಳಿದ್ದೇನೆ. ನಮ್ಮವರ ಅರ್ಜಿ ಎಲ್ಲಿದೆ?’

ಕ್ರಮ ತಕ್ಷಣ ಜರುಗಿತು. ‘ತೀವ್ರ ಒತ್ತಡದ ಲಕ್ಷಣ’ ಎಂದು ಷರಾ ಬರೆದು, ಮುಂದಿನ ಭಾನುವಾರದ ಉಪನ್ಯಾಸಕ್ಕೆ ಗಂಡ ಹೆಂಡತಿ ಇಬ್ಬರ ಹೆಸರನ್ನೂ ರೋಲ್‌ನಲ್ಲಿ ಮೊದಲು ಸೇರಿಸಿದರು. ಬಸ್ಸು 2.15ಕ್ಕೆ.